ನೆರಳಿನಲ್ಲಿ ಅಳೆದ ಬಿಸಿಲು

2024ರ ಏಪ್ರಿಲ್ 28, ಭಾನುವಾರ. ಬೆಂಗಳೂರಿನ ಹವಾಮಾನ ಕಚೇರಿಯ ಉಷ್ಣಮಾಪಕ ಅವತ್ತು 38.5 ಡಿಗ್ರಿ ಸೆಲ್ಸಿಯಸ್ ತೋರಿಸಿತು. ಮಾರನೆಯ ದಿನ ಪತ್ರಿಕೆಯ ತುಂಬ ಅದೇ ಸುದ್ದಿ. ಹೊಸಕೋಟೆ ಕಡೆಯ ಒಂದು ಇಟ್ಟಿಗೆ ಗೂಡಿನ ಹತ್ತಿರ ನಿಂತು ನಾವು ಆ ಸುದ್ದಿಯನ್ನು ಗಟ್ಟಿಯಾಗಿ ಓದುತ್ತಿದ್ದೆವು. ತಲೆಯ ಮೇಲೆ ಸಿಂಬಿ ಇಟ್ಟು ಇಟ್ಟಿಗೆ ಹೊರುತ್ತಿದ್ದ ತಾಯಿಯೊಬ್ಬಳು ಒಂದು ಗಳಿಗೆ ನಿಂತು ಕೇಳಿದಳು: "ಮೂವತ್ತೆಂಟೂವರೆ ಅಂತ ಯಾರ್ ಮೈ ಮುಟ್ನೋಡಿ ಬರ್ದ್ರಪ್ಪಾ?"

ನಾವು ನಕ್ಕೆವು. ಅವಳು ನಗಲಿಲ್ಲ, ಹೊರೆ ಹೊತ್ತುಕೊಂಡು ಹೋದಳು. ನಮ್ಮಲ್ಲಿ ಕೆಲವರು ಮೇಷ್ಟ್ರುಗಳು, ಕೆಲವರು ಇನ್ನೂ ಓದುತ್ತಿರುವವರು. ಉಷ್ಣಮಾಪಕ ಹೇಗೆ ಕೆಲಸ ಮಾಡುತ್ತೆ ಅಂತ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದವರು. ಆದರೂ ಆ ತಾಯಿಯ ಪ್ರಶ್ನೆಗೆ ಅವತ್ತು ನಮ್ಮ ಬಾಯಲ್ಲಿ ಉತ್ತರ ಬರಲಿಲ್ಲ. ಮುಟ್ಟುವುದು, ಮುಟ್ಟದಿರುವುದು ಎಂಬುದರ ಮೇಲೆಯೇ ಸಾವಿರಾರು ವರ್ಷ ನಿಂತ ಈ ಸಮಾಜದಲ್ಲಿ ಅದು ಸಣ್ಣ ಪ್ರಶ್ನೆಯೂ ಅಲ್ಲ. ನಿಜವಾದ ಅಂಕಿಯೊಂದು ಅನ್ಯಾಯ ಮಾಡಬಲ್ಲುದೆ? ಸುಳ್ಳು ಲೆಕ್ಕದಿಂದ ಮೋಸ ಹೋಗುವುದು ನಮಗೆ ಗೊತ್ತು. ಧಣಿಯ ಬಡ್ಡಿ ಲೆಕ್ಕ, ಜೀತದ ಪತ್ರ, ಹೆಬ್ಬೆಟ್ಟಿನ ಗುರುತು, ಇವೆಲ್ಲ ನಮ್ಮ ಹಿರಿಯರು ಕಂಡವೇ. ಇಲ್ಲಿ ಲೆಕ್ಕ ಸರಿಯಾಗಿದೆ. ಸರಿಯಾದ ಲೆಕ್ಕದೊಳಗೂ ನಾವು ಇಲ್ಲದೆ ಹೋದರೆ ಏನು ಮಾಡಬೇಕು?

ಮೊದಲು ಅಳೆಯುವ ಬಗೆಯನ್ನು ನೋಡೋಣ. ಹವಾಮಾನ ವೀಕ್ಷಣಾಲಯಗಳಲ್ಲಿ ಬಿಳಿ ಬಣ್ಣ ಬಳಿದ ಮರದ ಪೆಟ್ಟಿಗೆಯೊಂದು ಕಾಲುಗಳ ಮೇಲೆ ನಿಂತಿರುತ್ತದೆ. ಅದನ್ನು ಸ್ಟೀವನ್‌ಸನ್ ಪೆಟ್ಟಿಗೆ ಎನ್ನುತ್ತಾರೆ. ನಾಲ್ಕೂ ಕಡೆ ಓರೆಯಾಗಿ ಜೋಡಿಸಿದ ಹಲಗೆಗಳು, ಗಾಳಿ ಒಳಗೆ ಬರಬೇಕು, ಬಿಸಿಲು ಬರಬಾರದು. ಬಾಗಿಲು ಉತ್ತರಕ್ಕೆ, ತೆರೆದಾಗಲೂ ಬಿಸಿಲು ಬೀಳಬಾರದು ಅಂತ. ಒಳಗೆ ಆಳೆತ್ತರಕ್ಕೆ ಉಷ್ಣಮಾಪಕಗಳು. ಗರಿಷ್ಠ ಉಷ್ಣಾಂಶದ್ದು ನಮ್ಮ ಜ್ವರದ ಕಡ್ಡಿಯ ಹಾಗೆಯೇ: ಏರಿದ ಪಾದರಸ ತಾನಾಗಿ ಇಳಿಯುವುದಿಲ್ಲ, ಕೈಯಲ್ಲಿ ಹಿಡಿದು ಒದರಿ ಇಳಿಸಬೇಕು. ಕನಿಷ್ಠ ಉಷ್ಣಾಂಶದ್ದರಲ್ಲಿ ಸಾರಾಯದಂಥ ದ್ರವ, ಅದರೊಳಗೆ ಸಣ್ಣ ಸೂಚಿ. ಇರುಳಿನ ಚಳಿಗೆ ದ್ರವ ಇಳಿಯುವಾಗ ಸೂಚಿಯನ್ನು ಎಳೆದುಕೊಂಡು ಹೋಗಿ ಅಲ್ಲೇ ಬಿಟ್ಟುಬರುತ್ತದೆ. ಹೀಗೆ ಹಗಲಿನ ಅತಿ ಬಿಸಿ, ಇರುಳಿನ ಅತಿ ಚಳಿ ಎರಡನ್ನೂ ಹಿಡಿದಿಟ್ಟು, ದಿನದಿನವೂ ಪುಸ್ತಕಕ್ಕೆ ಏರಿಸುತ್ತಾರೆ. ಮಳೆಯನ್ನು ಬೆಳಿಗ್ಗೆ 8-30ರಿಂದ ಮಾರನೆಯ ಬೆಳಿಗ್ಗೆ 8-30ರ ತನಕ ಲೆಕ್ಕ ಹಾಕುತ್ತಾರೆ.

ಅಂದರೆ ನಾವು ಪತ್ರಿಕೆಯಲ್ಲಿ ಓದುವ 'ಬಿಸಿಲು' ಬಿಸಿಲೇ ಅಲ್ಲ. ಅದು ನೆರಳಿನ ಬಿಸಿ.

ಇದರಲ್ಲಿ ಹುನ್ನಾರವೇನೂ ಇಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇವೆ. ಕಡ್ಡಿಯನ್ನು ಬಿಸಿಲಿನಲ್ಲಿಟ್ಟರೆ ಅದು ಗಾಳಿಯ ಬಿಸಿಯನ್ನು ತೋರಿಸುವುದಿಲ್ಲ, ತಾನು ಕಾದ ಬಿಸಿಯನ್ನು ತೋರಿಸುತ್ತದೆ. ಒಂದೊಂದು ಊರಿನಲ್ಲಿ ಒಂದೊಂದು ಬಗೆ ಇಟ್ಟರೆ ಊರಿಗೂ ಊರಿಗೂ, ಅಜ್ಜನ ಕಾಲಕ್ಕೂ ಮೊಮ್ಮಗನ ಕಾಲಕ್ಕೂ ಹೋಲಿಸಿ ನೋಡಲು ಆಗುವುದಿಲ್ಲ. ಎಲ್ಲ ಕಡೆಯೂ ಒಂದೇ ಪೆಟ್ಟಿಗೆ, ಒಂದೇ ಎತ್ತರ, ಒಂದೇ ನೆರಳು ಎಂಬ ಕಟ್ಟುನಿಟ್ಟಿನಿಂದಲೇ ಭೂಮಿ ಕಾಯುತ್ತಿದೆ ಎಂಬುದು ಇವತ್ತು ಜಗತ್ತಿಗೆ ಗೊತ್ತಾಗಿರುವುದು. "ಇದೆಲ್ಲಾ ಮೇಲಿನೋರ ವಿಜ್ಞಾನ ಕಣಣ್ಣ, ನಮಗ್ಯಾಕೆ?" ಎಂದು ನಮ್ಮದೇ ಗೆಳೆಯರು ಕೆಲವರು ಹೇಳುತ್ತಾರೆ. ನಾವು ಒಪ್ಪುವುದಿಲ್ಲ. ಅಕ್ಷರವನ್ನೂ ಅಂಕಿಯನ್ನೂ ನಮ್ಮಿಂದ ಕಿತ್ತುಕೊಂಡವರು ಇದ್ದರು. ಸಿಕ್ಕ ಮೇಲೆ ನಾವೇ ಬಿಸಾಡಿದರೆ ಅವರಿಗೆ ಕೆಲಸ ಸುಲಭ ಮಾಡಿಕೊಟ್ಟ ಹಾಗೆ.

ಹಾಗಾದರೆ ಆ ಪುಸ್ತಕವನ್ನು ಬಿಚ್ಚಿ ಓದೋಣ.

ಭಾರತ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. 1864ರಲ್ಲಿ ಕಲ್ಕತ್ತೆಗೆ ಬಡಿದ ಚಂಡಮಾರುತ, 1866ರಲ್ಲಿ ಮಳೆ ಕೈಕೊಟ್ಟದ್ದು, ಇಂಥವು ಬ್ರಿಟಿಷ್ ಸರ್ಕಾರಕ್ಕೆ ಹವೆಯ ಲೆಕ್ಕ ಬೇಕೆನ್ನಿಸುವಂತೆ ಮಾಡಿದವು. ಇಲಾಖೆ ಹುಟ್ಟಿದ ಮರುವರ್ಷವೇ ನಮ್ಮ ಸೀಮೆಗೆ ಬರ ಬಂತು. ನಮ್ಮ ಮುದುಕರು ಅದನ್ನು ಇಸವಿಯಿಂದ ಕರೆಯಲಿಲ್ಲ, ಸಂವತ್ಸರದಿಂದ ಕರೆದರು: ದಾತು ಈಶ್ವರ ಬರ. 1871ರ ಜನಗಣತಿಯಲ್ಲಿ 50 ಲಕ್ಷ ಮೀರಿದ್ದ ಮೈಸೂರು ಸೀಮೆಯ ಜನ 1881ರ ಜನಗಣತಿಯಲ್ಲಿ 42 ಲಕ್ಷಕ್ಕೂ ಕಡಿಮೆ. ಎಂಟು ಲಕ್ಷ ಜನ ಲೆಕ್ಕದಿಂದ ಕಾಣೆಯಾದರು. ಅವರಲ್ಲಿ ಭೂಮಿ ಇಲ್ಲದ, ಕಣಜ ಇಲ್ಲದ ಕೇರಿಯ ಜನ ಎಷ್ಟು ಅಂತ ಯಾವ ಪುಸ್ತಕವನ್ನು ಕೇಳಬೇಕು?

ಬೆಂಗಳೂರಿನ ಪುಸ್ತಕದಲ್ಲಿ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ. ದಿನ 1884ರ ಜನವರಿ 13. ಬರ ಮುಗಿದು ಆರೇ ವರ್ಷ. ಬರದಲ್ಲಿ ಬದುಕುಳಿದವರು ಆ ರಾತ್ರಿ ಹುಲ್ಲು ಜೋಪಡಿಯೊಳಗೆ ಯಾವ ಕಂಬಳಿ ಹೊದ್ದರು? ಕಂಬಳಿ ಇತ್ತೆ? ಒಲೆಯ ಬೂದಿಯ ಬಿಸಿಗೆ ಮಕ್ಕಳನ್ನು ಒತ್ತಿ ಮಲಗಿಸಿದರೆ? ಸುಗ್ಗಿಯ ಕಣ ಕಾಯಲು ಹೋದ ಆಳುಮಗ ಬೆಳಗಿಗೆ ಎದ್ದನೆ? 7.8 ಎಂಬುದು ಇದನ್ನು ಹೇಳುವುದಿಲ್ಲ, ಹೇಳಬೇಕಾದ್ದು ಅದರ ಕೆಲಸವೂ ಅಲ್ಲ. ಆದರೆ ಹೇಳುವ ಕೆಲಸ ಯಾರದ್ದೂ ಆಗಲಿಲ್ಲ ಎಂಬುದು ನಮ್ಮ ನೋವು.

ಅತಿ ಹೆಚ್ಚಿನ ಉಷ್ಣಾಂಶ 1931ರ ಮೇ 22ರಂದು 38.9 ಡಿಗ್ರಿ. ಅದು ಹತ್ತಿರ ಹತ್ತಿರ 85 ವರ್ಷ ಹಾಗೇ ನಿಂತಿತ್ತು. 2016ರ ಏಪ್ರಿಲ್ 25ರಂದು 39.2 ಡಿಗ್ರಿ ಆಗಿ ಹಳೆಯ ದಾಖಲೆ ಮುರಿಯಿತು. ಅವತ್ತು ಸೋಮವಾರ. ಕೆಲಸದ ದಿನ. ಗಾರೆ ಕಲಸುವವರು ಕಲಸಿದರು, ಕಲ್ಲು ಒಡೆಯುವವರು ಒಡೆದರು, ಟಾರು ಹಾಕುವವರು ಹಾಕಿದರು. ದಾಖಲೆ ಮುರಿದದ್ದು ಅವರಿಗೆ ಗೊತ್ತಾದದ್ದು ಮೈಯಿಂದ. ಗೊತ್ತಾದರೂ ಕೂಲಿ ಬಿಡುವ ಹಾಗಿರಲಿಲ್ಲ.

ಬೆಂಗಳೂರು ತಂಪು ಊರು ಎಂಬ ಮಾತು ಎಲ್ಲಿಂದ ಬಂತು? 1809ರಲ್ಲಿ ಇಂಗ್ಲಿಷರು ಶ್ರೀರಂಗಪಟ್ಟಣದ ಚಳಿಜ್ವರಕ್ಕೆ ಹೆದರಿ ತಮ್ಮ ದಂಡನ್ನು ಇಲ್ಲಿಗೆ ತಂದರು. ಸಮುದ್ರಮಟ್ಟದಿಂದ 900 ಮೀಟರಿಗೂ ಮಿಕ್ಕ ಎತ್ತರ, ಒಳ್ಳೆ ಹವೆ ಎಂದರು. ಆಮೇಲೆ ಪಿಂಚಣಿದಾರರ ಸ್ವರ್ಗ ಎಂದರು. ಬಂಗಲೆಯ ಜಗಲಿಯಿಂದ, ಸಾಲುಮರದ ಕೆಳಗಿನಿಂದ ನೋಡಿದವರ ಮಾತು ಅದು. ಮಾತು ಸುಳ್ಳಲ್ಲ, ಜಗಲಿ ಯಾರದ್ದು ಅಂತ ಕೇಳಬೇಕು, ಅಷ್ಟೆ.

ನೆರಳು ಎಂಬ ಒಂದೇ ಪದಕ್ಕೆ ನಮ್ಮ ಭಾಷೆಯಲ್ಲಿ ಎರಡು ಅರ್ಥ. ಮರ ಕೊಡುವುದೂ ನೆರಳೇ, ಮನುಷ್ಯನ ಹಿಂದೆ ಬೀಳುವುದೂ ನೆರಳೇ. ನಮ್ಮ ಮೈಯ ನೆರಳು ಸೋಕಿದರೆ ಮೈಲಿಗೆ ಎಂದವರು ಮರದ ನೆರಳನ್ನು ತಮಗೆ ಇಟ್ಟುಕೊಂಡರು. ಅರಳಿಕಟ್ಟೆಯ ಮೇಲೆ ಯಾರು ಕೂರಬೇಕು, ಯಾರು ದೂರದಲ್ಲಿ ಬಿಸಿಲಿಗೆ ನಿಂತು ಮಾತು ಕೇಳಬೇಕು ಎಂಬುದು ನಮ್ಮ ಊರುಗಳಲ್ಲಿ ಯಾರೂ ಬರೆದಿಡದ ಕಾನೂನಾಗಿತ್ತು. ಊರು ಒಂದು ಕಡೆ, ಕೇರಿ ಒಂದು ಕಡೆ. ತೋಪು ಊರ ಮಗ್ಗುಲಿಗೆ, ಬೋಳು ದಿಣ್ಣೆ ಕೇರಿಯ ಮಗ್ಗುಲಿಗೆ. ಎಲ್ಲರಿಗೂ ಸೇರಿದ ನೆರಳು ಅಂತ ಇದ್ದದ್ದು ಸರ್ಕಾರದ ಗುಂಡುತೋಪು ಒಂದೇ. ಸಂತೆಗೆ ಹೋಗುವವರು, ದನ ಹೊಡೆಯುವವರು, ಬಸುರಿ ಹೆಂಗಸರು ದಣಿವಾರಿಸಿಕೊಳ್ಳುತ್ತಿದ್ದ ಜಾಗ. ಆ ಗುಂಡುತೋಪುಗಳು ಒತ್ತುವರಿಯಾಗಿ ಎಷ್ಟೋ ಊರುಗಳಲ್ಲಿ ಪಹಣಿಯ ಕಾಗದದ ಮೇಲಷ್ಟೇ ಉಳಿದಿವೆ. ಹಾಗಾಗಿ ಬಿಸಿಲಿನ ಪ್ರಶ್ನೆ ಬರೀ ಸೂರ್ಯನ ಪ್ರಶ್ನೆ ಅಲ್ಲ. ಸೂರ್ಯ ಎಲ್ಲರ ಮೇಲೂ ಒಂದೇ ಥರ ಉರಿಯುತ್ತಾನೆ, ನೆರಳನ್ನು ಹಂಚಿದವರು ಮನುಷ್ಯರು.

ಇದು ಹಳೇ ಕಾಲದ ಮಾತು ಅಂತ ಯಾರಾದರೂ ಹೇಳಬಹುದು. ಇವತ್ತಿನ ಲೆಕ್ಕವನ್ನೇ ನೋಡೋಣ. ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆ 1986ರಲ್ಲಿ ಆಯಿತು, 2007ರಲ್ಲಿ ರಾಮನಗರ ಬೇರೆಯಾದ ಮೇಲೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ನಾಲ್ಕೇ ತಾಲ್ಲೂಕು. ಈ ನಾಲ್ಕು ತಾಲ್ಲೂಕಿನಲ್ಲಿ ಬಿಸಿಯನ್ನು ಯಾರಿಗಾಗಿ ಅಳೆಯುತ್ತಾರೆ?

ದೇವನಹಳ್ಳಿಯಲ್ಲಿ ವಿಮಾನಕ್ಕಾಗಿ ಅಳೆಯುತ್ತಾರೆ. 2008ರ ಮೇ ತಿಂಗಳಲ್ಲಿ ಅಲ್ಲಿ ವಿಮಾನ ನಿಲ್ದಾಣ ಶುರುವಾಯಿತು, ಅದರ ಜೊತೆಗೆ ಹವಾಮಾನ ವೀಕ್ಷಣೆಯೂ ಬಂತು. ಗಾಳಿ ಕಾದರೆ ತೆಳ್ಳಗಾಗುತ್ತದೆ, ತೆಳುಗಾಳಿಯಲ್ಲಿ ವಿಮಾನ ಮೇಲೇಳಲು ಹೆಚ್ಚು ದೂರ ಓಡಬೇಕು, ಎತ್ತರದ ಜಾಗದಲ್ಲಿ ಇನ್ನೂ ಹೆಚ್ಚು. ಅದಕ್ಕೆ ವಿಮಾನ ಹೊರುವ ತೂಕವನ್ನು ಅವತ್ತಿನ ಬಿಸಿ ನೋಡಿ ಲೆಕ್ಕ ಹಾಕುತ್ತಾರೆ, ಬಿಸಿ ಮಿತಿ ಮೀರಿದರೆ ಹೊರೆ ಇಳಿಸುತ್ತಾರೆ. ಇದು ಸರಿಯಾದದ್ದೇ, ಜೀವದ ಪ್ರಶ್ನೆ. ಆದರೆ ಅದೇ ತಾಲ್ಲೂಕಿನಲ್ಲಿ ಅದೇ ಮಧ್ಯಾಹ್ನ ಮಹಡಿ ಮೇಲೆ ಜಲ್ಲಿ ಬಾಂಡ್ಲಿ ಹೊರುವ ಹೆಂಗಸಿನ ಹೊರೆಯನ್ನು ಬಿಸಿ ನೋಡಿ ಇಳಿಸಿದ ಮೇಸ್ತ್ರಿಯನ್ನು ನಾವು ಕಂಡಿಲ್ಲ.

ತೋಟಕ್ಕಾಗಿಯೂ ಅಳೆಯುತ್ತಾರೆ. ಕರ್ನಾಟಕದಲ್ಲಿ 1988ರಲ್ಲಿ ಬರ ಉಸ್ತುವಾರಿ ಕೋಶ ಶುರುವಾಯಿತು. ಅದೇ ಬೆಳೆದು ಇವತ್ತು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಆಗಿದೆ. ಗ್ರಾಮ ಪಂಚಾಯ್ತಿಗೊಂದು ಮಳೆಮಾಪಕ, ಹೋಬಳಿಗೊಂದು ಹವಾಮಾನ ಕೇಂದ್ರ ಅದರ ಕೆಲಸ. ದ್ರಾಕ್ಷಿ, ದಾಳಿಂಬೆಯಂಥ ತೋಟದ ಬೆಳೆಗಳಿಗೆ ಹವಾಮಾನ ಆಧರಿಸಿದ ವಿಮೆ ಉಂಟು. ಹವೆ ಮಿತಿ ಮೀರಿ ಕಾಯಿ ಹಾಳಾದರೆ ತೋಟದ ಒಡೆಯನಿಗೆ ಪರಿಹಾರ. ಒಳ್ಳೇದೇ, ಸಣ್ಣ ರೈತನೂ ಬದುಕಬೇಕು. ಆ ಗೊನೆಯನ್ನು ಕತ್ತರಿಸುವ ಕೈ ಬಿಸಿಲಿಗೆ ಸೋತು ಮೂರು ದಿನ ಮಲಗಿದರೆ? ಆ ಮೂರು ದಿನದ ಕೂಲಿ ಯಾವ ಮಾಪಕದಲ್ಲೂ ಬೀಳುವುದಿಲ್ಲ.

ಸರ್ಕಾರದ ಕಣ್ಣಿನಲ್ಲಿ ಬಿಸಿಗಾಳಿ ಅಂದರೆ ಏನು? ಬಯಲುಸೀಮೆಯಲ್ಲಿ ಉಷ್ಣಾಂಶ ಕನಿಷ್ಠ 40 ಡಿಗ್ರಿ ಮುಟ್ಟಬೇಕು, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಕರಾವಳಿಗೆ 37, ಗುಡ್ಡಗಾಡಿಗೆ 30. ಈಗ ಬೆಂಗಳೂರಿನ ಪುಸ್ತಕವನ್ನು ಮತ್ತೆ ನೋಡಿ. 1931ರ ದಾಖಲೆ 38.9, 2016ರದ್ದು 39.2. ಬಯಲುಸೀಮೆಯ ಅಳತೆಗೆ ಆ ಎರಡು ದಿನಗಳೂ ಬಿಸಿಗಾಳಿಯ ದಿನಗಳಲ್ಲ! ನೂರಾರು ವರ್ಷದಲ್ಲಿ ಇಲ್ಲಿ ಅತಿ ಹೆಚ್ಚು ಕಾದ ದಿನವೂ ಹೆಸರು ಪಡೆಯದೆ ಹೋಯಿತು. ಹೆಸರಿಲ್ಲದ ಕಷ್ಟಕ್ಕೆ ಅರ್ಜಿ ಹಾಕುವುದು ಹೇಗೆ? ಇನ್ನೂ ಒಂದು ಮಾತು. 2024ರ ಬೇಸಿಗೆಯಲ್ಲಿ ಕೇಂದ್ರ ಸರ್ಕಾರದ ಪರಿಹಾರ ನಿಧಿಗೆ ಅರ್ಹವಾದ ವಿಪತ್ತುಗಳ ಪಟ್ಟಿಯಲ್ಲಿ ಹನ್ನೆರಡು ಹೆಸರುಗಳಿದ್ದವು. ಬರ, ನೆರೆ, ಭೂಕಂಪ, ಆಲಿಕಲ್ಲು ಇದ್ದವು, ಚಳಿಗಾಳಿ ಕೂಡ ಇತ್ತು. ಬಿಸಿಗಾಳಿ ಇರಲಿಲ್ಲ.

ಮನಸ್ಸು ಮಾಡಿದರೆ ಆಳುವವರಿಗೆ ನೆರಳು ಮಾಡುವುದು ಗೊತ್ತು. ಆ 38.5 ಡಿಗ್ರಿಗೆ ಎರಡೇ ದಿನ ಮುಂಚೆ, ಏಪ್ರಿಲ್ 26ರಂದು, ನಮ್ಮ ಕಡೆ ಲೋಕಸಭೆಗೆ ಮತದಾನ ಆಯಿತು. ಮತಗಟ್ಟೆಯ ಮುಂದೆ ನೆರಳು ಇರಬೇಕು, ಕುಡಿಯುವ ನೀರು ಇರಬೇಕು ಅಂತ ಚುನಾವಣಾ ಆಯೋಗದ ನಿಯಮವೇ ಉಂಟು. ಒಳ್ಳೆಯ ನಿಯಮ. ಅರ್ಧ ಗಂಟೆಯ ಸಾಲಿಗೆ ಇಷ್ಟು ಕಾಳಜಿ ಇರುವ ನಾಡಿನಲ್ಲಿ ಎಂಟು ಗಂಟೆಯ ದುಡಿಮೆಗೆ ಯಾಕಿಲ್ಲ?

ಯಾಕಿಲ್ಲ ಅಂತ ಕೇಳಿದಾಗ ನಮಗೆ ಸಿಗುವ ಉತ್ತರ ಒಂದೇ: "ಅವರಿಗೆ ಅಭ್ಯಾಸ ಆಗಿದೆ ಬಿಡ್ರಿ." ಗೆಳೆಯರೆ, ಈ ಮಾತನ್ನು ಸುಮ್ಮನೆ ಬಿಡಬಾರದು. ಹಿಂದೆ ನಮ್ಮ ಕಷ್ಟಕ್ಕೆ ಕರ್ಮ ಎನ್ನುತ್ತಿದ್ದರು. ಹಿಂದಿನ ಜನ್ಮದ ಪಾಪ, ಅನುಭವಿಸಲಿ ಎನ್ನುತ್ತಿದ್ದರು. ಈಗ ಕರ್ಮ ಎನ್ನಲು ನಾಚಿಕೆ, ಅದಕ್ಕೆ ಅಭ್ಯಾಸ ಎನ್ನುತ್ತಾರೆ. ಕಷ್ಟ ಕೊಟ್ಟವನು ತಪ್ಪಿಸಿಕೊಳ್ಳಲು ಎರಡೂ ಅನುಕೂಲ. ಮೈ ಬಿಸಿಗೆ ಒಂದೆರಡು ವಾರದಲ್ಲಿ ಸ್ವಲ್ಪ ಒಗ್ಗಿಕೊಳ್ಳುವುದು ನಿಜ. ಬೆವರು ಬೇಗ ಬರುತ್ತದೆ, ಉಪ್ಪು ಕಡಿಮೆ ಹೋಗುತ್ತದೆ. ಆದರೆ ಒಗ್ಗುವುದಕ್ಕೂ ಒಂದು ಎಲ್ಲೆ ಇದೆ. ಮನುಷ್ಯನ ಒಳಮೈ 37 ಡಿಗ್ರಿಯ ಆಸುಪಾಸಿನಲ್ಲೇ ಇರಬೇಕು, 40 ದಾಟಿದರೆ ಬುದ್ಧಿ ತಪ್ಪುತ್ತದೆ, ಅಂಗಾಂಗ ಕೆಡುತ್ತವೆ, ಪ್ರಾಣ ಹೋಗುತ್ತದೆ. ಈ ಎಲ್ಲೆ ಬ್ರಾಹ್ಮಣನಿಗೂ ಅಷ್ಟೇ, ಮಾದಿಗನಿಗೂ ಅಷ್ಟೇ. ಮನುಸ್ಮೃತಿಗೆ ಗೊತ್ತಿಲ್ಲದ ಸಮಾನತೆ ಮೈಯಲ್ಲಿ ಇದೆ. ಅಭ್ಯಾಸ ಎನ್ನುವವನು ಒಂದು ಮಧ್ಯಾಹ್ನ ಬಂದು ಇಟ್ಟಿಗೆ ಹೊರಲಿ. ಹೊರಲಾರೆ ಎಂದರೆ, ಹೊರುವವರು ಹೊರುತ್ತಿರುವುದು ಅಭ್ಯಾಸದಿಂದಲ್ಲ, ಬೇರೆ ದಾರಿ ಇಲ್ಲದ್ದರಿಂದ ಎಂದು ಒಪ್ಪಲಿ.

ಇನ್ನು ಆ ತಾಯಿಯ ಪ್ರಶ್ನೆಗೆ ಬರೋಣ. ಮೈ ಮುಟ್ಟಿ ನೋಡುವ ಅಳತೆ ಇದೆಯೆ? ಇದೆ.

1950ರ ದಶಕದಲ್ಲಿ ಅಮೆರಿಕದ ಸೈನ್ಯದಲ್ಲಿ ತರಬೇತಿಯ ಹುಡುಗರು ಬಿಸಿಲಿಗೆ ಬಿದ್ದು ಸಾಯುತ್ತಿದ್ದರು. ಆಗ ಒಂದು ಹೊಸ ಅಳತೆ ಕಟ್ಟಿದರು. ಮೂರು ಉಷ್ಣಮಾಪಕ. ಒಂದು ನೆರಳಿನ ಗಾಳಿಯ ಬಿಸಿ ನೋಡುತ್ತದೆ. ಇನ್ನೊಂದಕ್ಕೆ ಒದ್ದೆ ಬಟ್ಟೆ ಸುತ್ತಿರುತ್ತಾರೆ, ಬೆವರು ಆರುತ್ತದೋ ಇಲ್ಲವೋ ಅಂತ ಅದು ತಿಳಿಸುತ್ತದೆ. ಮೂರನೆಯದನ್ನು ಟೊಳ್ಳಾದ ತಾಮ್ರದ ಗುಂಡಿನೊಳಗೆ ಇಟ್ಟು, ಗುಂಡಿಗೆ ಕಪ್ಪು ಬಳಿದು, ನಟ್ಟ ಬಿಸಿಲಿನಲ್ಲಿ ನಿಲ್ಲಿಸುತ್ತಾರೆ. ಸೂರ್ಯನಿಂದ, ಕಾದ ನೆಲದಿಂದ, ಸುಡುವ ಗೋಡೆಯಿಂದ ಬರುವ ಬಿಸಿಯನ್ನೆಲ್ಲ ಅದು ಮೈಮೇಲೆ ಹಾಕಿಕೊಳ್ಳುತ್ತದೆ. ಒದ್ದೆ ಬಟ್ಟೆಯ ಅಂಕಿಗೆ ಹತ್ತರಲ್ಲಿ ಏಳು ಪಾಲು, ಕಪ್ಪು ಗುಂಡಿಗೆ ಎರಡು ಪಾಲು, ನೆರಳಿನ ಗಾಳಿಗೆ ಒಂದೇ ಪಾಲು. ಕೂಡಿಸಿದರೆ ದುಡಿಯುವ ಮೈ ಎಷ್ಟು ಬಿಸಿಯಲ್ಲಿದೆ ಎಂಬ ಅಂದಾಜು. ಬಿಳಿ ಪೆಟ್ಟಿಗೆಯ ಮಾತಿಗೆ ಈ ಲೆಕ್ಕದಲ್ಲಿ ಹತ್ತನೇ ಒಂದು ಪಾಲು ಮಾತ್ರ!

ಈ ಅಳತೆಯನ್ನು ಕಾನೂನು ಮಾಡಿದವರೂ ಇದ್ದಾರೆ. ನಮ್ಮ ದೇಶದ ಲಕ್ಷಾಂತರ ಜನ ದುಡಿಯಲು ಹೋಗುವ ಕತಾರ್‌ನಲ್ಲಿ, ಹೊರಗಿನಿಂದ ಟೀಕೆಯ ಮೇಲೆ ಟೀಕೆ ಬಂದ ಮೇಲೆ, 2021ರಲ್ಲಿ ನಿಯಮ ಬಂತು: ಈ ಅಳತೆ 32.1 ಡಿಗ್ರಿ ಮೀರಿದರೆ ಹೊರಗಿನ ಕೆಲಸ ನಿಲ್ಲಬೇಕು. ರಾಜಶಾಹಿಯ ನಾಡಿಗೆ ಆಗುವುದು ಸಂವಿಧಾನದ ನಾಡಿಗೆ ಆಗುವುದಿಲ್ಲವೆ? ಅಷ್ಟು ದೂರ ಯಾಕೆ, ನಮ್ಮ ಕಲಬುರಗಿ ಕಡೆ ಏಪ್ರಿಲ್ ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1-30ಕ್ಕೆ ಮುಚ್ಚುವ ಪದ್ಧತಿ ಇದೆ. ಉದ್ಯೋಗ ಖಾತರಿ ಕೆಲಸದಲ್ಲೂ ಆ ಕಡೆ ಬೇಸಿಗೆಯಲ್ಲಿ ಅಳತೆಗೆ ರಿಯಾಯಿತಿ ಕೊಟ್ಟದ್ದುಂಟು. ಬಿಸಿಲಿಗೆ ತಕ್ಕ ಹಾಗೆ ಗಂಟೆ ಬದಲಾಗಬಹುದು ಎಂದು ಸರ್ಕಾರವೇ ಒಪ್ಪಿದ ಮೇಲೆ, ಫ್ಯಾನಿನ ಕೆಳಗಿನ ಗುಮಾಸ್ತರಿಗೆ ಕೊಟ್ಟದ್ದು ನೆಲಮಂಗಲದ ಕಲ್ಲುಕ್ವಾರಿಗೆ ಯಾಕೆ ಬರಬಾರದು? ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಶೀಟಿನ ಸೂರಿನ ಕೆಳಗೆ ಬೇಯುವ ನೇಕಾರರಿಗೆ ಯಾಕೆ ಬರಬಾರದು? ಅಲ್ಲಿ ನೆರಳಿದೆ, ಆದರೆ ಆ ನೆರಳೇ ಸುಡುತ್ತದೆ.

ಬಾಬಾಸಾಹೇಬರು 1942ರಿಂದ 1946ರ ತನಕ ವೈಸರಾಯ್ ಮಂಡಲಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. 1946ರ ಕಾರ್ಖಾನೆ ತಿದ್ದುಪಡಿ ಕಾಯಿದೆ ವರ್ಷವಿಡೀ ನಡೆಯುವ ಕಾರ್ಖಾನೆಗಳಲ್ಲಿ ವಾರದ ದುಡಿಮೆಯನ್ನು 48 ಗಂಟೆಗೆ ಇಳಿಸಿತು. ಎಷ್ಟು ಹೊತ್ತು ದುಡಿಸಬೇಕು ಎಂಬುದು ಧಣಿಯ ಮರ್ಜಿಯಿಂದ ಗಡಿಯಾರಕ್ಕೆ ಬಂದ ಕಾಲ ಅದು. ಗಡಿಯಾರದ ಗಂಟೆ ಎಲ್ಲವೂ ಒಂದೇ ಅಲ್ಲ, ಮಾರ್ಗಶಿರದ ಗಂಟೆ ಬೇರೆ, ವೈಶಾಖದ ನಡುಹಗಲಿನ ಗಂಟೆ ಬೇರೆ. ಅವರು ಬಿಟ್ಟ ಕೆಲಸವನ್ನು ಅಲ್ಲಿಂದ ನಾವು ಮುಂದಕ್ಕೆ ಒಯ್ಯಬೇಕು.

ನಾವು ಕೇಳುವುದು ಬಹಳವೇನೂ ಅಲ್ಲ. ಹೋಬಳಿಯ ಹವಾಮಾನ ಕೇಂದ್ರದ ಪಕ್ಕದಲ್ಲಿ ಒಂದು ಕಪ್ಪು ಗುಂಡೂ ನಿಲ್ಲಲಿ. ಅದರ ಅಂಕಿಗೆ ತಕ್ಕ ಹಾಗೆ ಬಯಲಿನ ಕೆಲಸ ನಿಲ್ಲಲಿ, ನಿಂತ ಹೊತ್ತಿನ ಕೂಲಿ ನಿಲ್ಲದಿರಲಿ. ಕೂಲಿ ಇಲ್ಲದ ವಿರಾಮ ಬಡವನಿಗೆ ಇನ್ನೊಂದು ಶಿಕ್ಷೆ.

ಅದು ಬರುವ ತನಕ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಹಳ್ಳಿಯ ಮೇಷ್ಟ್ರುಗಳಲ್ಲಿ, ವಿದ್ಯಾರ್ಥಿ ಗೆಳೆಯರಲ್ಲಿ ನಮ್ಮದೊಂದು ಬೇಡಿಕೆ. ಒಂದು ನೋಟುಪುಸ್ತಕ ಇಡಿ. ಶಾಲೆಯ ಉತ್ತರದ ಗೋಡೆಯ ನೆರಳಿನಲ್ಲಿ ಒಂದು ಉಷ್ಣಮಾಪಕ ನೇತುಹಾಕಿ, ಫೆಬ್ರವರಿಯಿಂದ ಮೇ ತನಕ ದಿನವೂ ಮಧ್ಯಾಹ್ನ ಒಂದೇ ಹೊತ್ತಿಗೆ ಮಕ್ಕಳ ಕೈಯಲ್ಲೇ ಬರೆಸಿ. ಎದುರಿನ ಪುಟದಲ್ಲಿ ಅವತ್ತು ಊರಿನಲ್ಲಿ ಯಾರು ಎಲ್ಲಿ ಏನು ಕೆಲಸ ಮಾಡಿದರು, ನೀರು ಎಷ್ಟು ದೂರ ಇತ್ತು, ಯಾರು ತಲೆಸುತ್ತಿ ಬಿದ್ದರು, ಕೂಲಿ ಎಷ್ಟು ಹಿಡಿದರು ಅಂತ ಬರೆಸಿ. ನೆರಳಿನ ಪುಟ ಒಂದು ಕಡೆ, ಬಿಸಿಲಿನ ಪುಟ ಒಂದು ಕಡೆ. ಸುಳ್ಳು ಬೇಡ, ಉಬ್ಬಿಸುವುದೂ ಬೇಡ. ಸರ್ಕಾರದ ಪುಸ್ತಕದಷ್ಟೇ ಕಟ್ಟುನಿಟ್ಟು ನಮ್ಮ ಪುಸ್ತಕಕ್ಕೂ ಇರಲಿ. ನಾಳೆ ಇದನ್ನು ಹಿಡಿದು ತಾಲ್ಲೂಕು ಕಚೇರಿಯ ಮುಂದೆ ನಿಂತಾಗ ಯಾರೂ ಅಲ್ಲಗಳೆಯಬಾರದು.

1884ರ ಜನವರಿಯ ಆ ರಾತ್ರಿ ನಮ್ಮವರಿಗೆ ಏನಾಯಿತೆಂದು ಬರೆಯುವವರಿರಲಿಲ್ಲ. ಈಗ ಇದ್ದೇವೆ. ಮುಂದಿನ ಬೇಸಿಗೆಗೆ ಆ ಇಟ್ಟಿಗೆ ಗೂಡಿಗೆ ನಾವು ಮತ್ತೆ ಹೋಗುತ್ತೇವೆ. ಆ ತಾಯಿ ಮತ್ತೆ ಕೇಳಿದರೆ, "ಈ ಸಲ ನಿನ್ನ ಮೈ ಮುಟ್ಟಿ ನೋಡಿಯೇ ಬರೆದಿದ್ದೇವೆ ಕಣವ್ವ" ಅಂತ ಪುಸ್ತಕ ತೆಗೆದು ಓದಿ ಹೇಳಬೇಕು ಅಂತ ನಮ್ಮ ಆಸೆ.